ಅದರ ಹಾಗೆ

ಒಂಬತ್ತನೆಯ ತರಗತಿಯ ಪುಸ್ತಕದ ಕೊನೆಗೆ
ಪದಕೋಶ ಬೇಕೆಂದು
ತಿರುವನಂತಪುರದಿಂದ ಕಾಗದ ಬಂತು.
ನನ್ನ ಪಾಲಿಗೆ ನಲವತ್ತೆರಡು ಪದ, ಇಪ್ಪತ್ತು ದಿನ.
ನಲವತ್ತೊಂದು ಮುಗಿಯಿತು.
ಉಳಿದದ್ದು ಕ್ಲುಪಿಯಾಯ್ಡ್.

ಮಲಯಾಳದವರು ಅದನ್ನು ಹಾಗೆಯೇ ಇಟ್ಟುಕೊಂಡರು.
ಹಳೆಯ ನಿಘಂಟಿನಲ್ಲಿ: ಹೆರಿಂಗ್ ಸದೃಶ.
ಹೆರಿಂಗ್,
ಕೊಯಿಪಾಡಿ ಕಡಪ್ಪುರದಲ್ಲಿ ನಾನು ನೋಡದ, ನನ್ನಪ್ಪ ನೋಡದ
ಯಾವುದೋ ಚಳಿಗಡಲ ಮೀನು.
ಸದೃಶ,
ಈಗ ಮದುವೆ ಕಾಗದದಲ್ಲೂ ಯಾರೂ ಬರೆಯದ ಮಾತು.
ಇಬ್ಬರು ಅಪರಿಚಿತರನ್ನು ಒಂದೇ ಬೆಂಚಿನಲ್ಲಿ ಕೂರಿಸಿ
ನಮ್ಮ ಬೂತಾಯಿ ಯಾರೆಂದು ಕೇಳಿದ ಹಾಗಾಯಿತು.

ಶನಿವಾರ ಕುಂಬಳೆ ಪೇಟೆಯಲ್ಲಿ
ಬಾಗಿಯಕ್ಕನ ಬುಟ್ಟಿಯೆದುರು ಕುಕ್ಕರಗಾಲಲ್ಲಿ ಕೂತೆ.
ಇದಕ್ಕೆ ಎಷ್ಟು ಹೆಸರಕ್ಕ?
ಗಿರಾಕಿಯ ಬಾಯಿ ನೋಡಿ ಹೆಸರು, ಮಾಷ್ಟ್ರೇ.
ಬೂತಾಯಿ ಅಂದವರಿಗೆ ಬೂತಾಯಿ,
ಮತ್ತಿ ಅಂದವರಿಗೆ ಮತ್ತಿ.
ಇಗರ್ಜಿ ಹಿಂದಿನ ಬಾಯಮ್ಮನಿಗೆ ತಾರ್ಲೆ,
ಚೌಕಾಶಿ ಇಲ್ಲದ ಹೆಂಗಸು, ಎರಡು ಜಾಸ್ತಿ ಹಾಕುತ್ತೇನೆ.
ಕಾರವಾರದ ಬೋಟಿನ ಹುಡುಗರು ಬೈಗೆ ಅಂದಾಗ
ನನ್ನನ್ನೇ ಬೈದರೆಂದು ತಕ್ಕಡಿ ಎತ್ತಿದ್ದೆ.

ಒಂದನ್ನು ಕೈಗೆತ್ತಿಕೊಂಡು ಪಾಠ ಶುರುಮಾಡಿದೆ. ಚಾಳಿ.
ಬೆನ್ನಿಗೆ ಒಂದೇ ಈಜುರೆಕ್ಕೆ, ಅದು ಮೆತ್ತಗೆ.
ಮುಳ್ಳೆಲ್ಲ ಒಳಗೆ, ಕೂದಲಿನಷ್ಟು ಸಪುರ.
ಹೊಟ್ಟೆಯ ಅಂಚಿಗೊಂದು ಗರಗಸ,
ಮುಟ್ಟಿದರೆ ಉದುರುವ ಹುರುಪೆ.
ಮತ್ತೆ, ಬೇರೆ ಮೀನಿಗೆ ಕಿವಿರಿನಿಂದ ಬಾಲದವರೆಗೆ
ಪಕ್ಕದಲ್ಲೊಂದು ಗೆರೆ ಇರುತ್ತದಲ್ಲ,
ಈ ಕುಲಕ್ಕೆ ಅದಿಲ್ಲ.

ಅದೇ ಒಳ್ಳೆಯದಾಯಿತು, ಅಂದಳು ಬಾಗಿಯಕ್ಕ,
ಗೆರೆ ಇದ್ದಿದ್ದರೆ ತಲಪಾಡಿಯಲ್ಲಿ ನಿಲ್ಲಬೇಕಿತ್ತು.

ಆ ವರ್ಷ ರಸ್ತೆಗೆ ಮಣ್ಣು ಸುರಿದಾಗ
ಮಂಗಳೂರಿನ ಆಸ್ಪತ್ರೆಗೆ ಹೊರಟ ಅವಳ ತಮ್ಮ
ಮಣ್ಣಿನ ಈಚೆಗೇ ಉಳಿದುಹೋದ.
ಅದನ್ನು ಅವಳು ಹೇಳಲಿಲ್ಲ.
ನನಗೆ ಗೊತ್ತೆಂದು ಅವಳಿಗೆ ಗೊತ್ತು.
ಬುಟ್ಟಿಗೆ ನೀರು ಚಿಮುಕಿಸಿದಳು.

ಹೆರಿಂಗ್ ಅಂತ ಒಂದುಂಟು, ಇದು ಅದರ ಹಾಗೆ, ಅಂದೆ.
ಅದಕ್ಕೂ ಇಷ್ಟು ಎಣ್ಣೆ ಉಂಟಾ?
ಇದೆಯಂತೆ.
ಪುಳಿಮುಂಚಿಗೆ ಆಗುತ್ತದಾ?
ಗೊತ್ತಿಲ್ಲ. ನೋಡಿಲ್ಲ.
ನೋಡದ್ದರ ಹಾಗೆ ಇದು ಅಂತ
ಮಕ್ಕಳಿಗೆ ಹೇಗೆ ಹೇಳುತ್ತೀರಿ?
ಆಚೆಯವರು ಬೇಕಾದರೆ ಬರೆಯಲಿ,
ಅವರದ್ದು ಬೂತಾಯಿಯ ಹಾಗೆ ಅಂತ.

ಮಕ್ಕಳು ಹನ್ನೊಂದು, ನನ್ನ ಕನ್ನಡ ವಿಭಾಗದಲ್ಲಿ.
ನಾಲ್ವರ ಮನೆಯಲ್ಲಿ ತುಳು, ಇಬ್ಬರದು ಮರಾಟಿ,
ಬ್ಯಾರಿ, ಕೊಂಕಣಿ, ಮಲಯಾಳ,
ಒಬ್ಬನ ತಾಯಿ ಬಿಹಾರದಿಂದ ಬಂದವಳು.
ಕನ್ನಡ ಅವರು ಬೆಳಗ್ಗೆ ಹತ್ತಕ್ಕೆ ತೊಡುವ ಸಮವಸ್ತ್ರ,
ಸಂಜೆ ಮೊಳೆಗೆ ನೇತುಹಾಕುತ್ತಾರೆ.
ಆದರೂ ಮಳೆ ಬಂದರೆ
ಕನ್ನಡದಲ್ಲೇ ಕಿರುಚಿಕೊಂಡು ಓಡುತ್ತಾರೆ. ಕೇಳಿದ್ದೇನೆ.

ರಾತ್ರಿ ಎರಡು ಬೂತಾಯಿ ತಿಂದು ಮೂರನೆಯದಕ್ಕೆ
ಗಂಟಲಲ್ಲಿ ಮುಳ್ಳು ಸಿಕ್ಕಿತು.
ಬರೀ ಅನ್ನದ ಉಂಡೆ ನುಂಗುವಾಗ ಹೊಳೆಯಿತು:
ಬೂತಾಯಿ ಬಾರದ ಆ ಎರಡು ವರ್ಷ
ಬಾಗಿಯಕ್ಕ ಒಮಾನಿನ ಐಸ್ ಮೀನು ಮಾರಿದಳು.
ಬೂತಾಯಿಯ ಹಾಗೆ ಉಂಟು, ಬೂತಾಯಿ ಅಲ್ಲ,
ಎಂದು ಪ್ರತಿ ಗಿರಾಕಿಗೂ ಹೇಳಿಯೇ ತೂಗಿದಳು.
ಹತ್ತು ರೂಪಾಯಿ ಕಡಿಮೆಗೆ.

ನಲವತ್ತೆರಡನೆಯದು ಬರೆದೆ.
ಕ್ಲುಪಿಯಾಯ್ಡ್: ಬೂತಾಯಿಯ ಹಾಗೆ ಇರುವ ಎಲ್ಲವೂ.
ಬೂತಾಯಿ, ಎರೆಬಾಯಿ, ಬೊಳೆಂಜಿರ್,
ದೂರದಲ್ಲೆಲ್ಲೋ ಹೆರಿಂಗ್ ಕೂಡ.

ಸಮಿತಿ ಹೊಡೆದುಹಾಕಬಹುದು.
ಲಕೋಟೆ ಅಂಚೆಗೆ ಹಾಕಿ ಬಂದು ಕೈ ಮೂಸಿದೆ,
ಸಾಬೂನಿನ ಅಡಿಯಲ್ಲಿ ಇನ್ನೂ ಇತ್ತು.