ಮಸಿ ಕಾಣದ ಗರಿ

ಓದು ನನಗೆ ಬಾರದು.
ಗಂಡ ನೇಮರಸ ಕಂಟದಿಂದ ಕೊರೆದದ್ದಕ್ಕೆ
ಎಣ್ಣೆಗಾಡಿಗೆ ತುಂಬಿ ಒರೆಸುವವಳು, ಜಕ್ಕವ್ವ,
ರಾಯಬಾಗದ ಬಸದಿಯ ಹಿಂದಿನ ಪಡಸಾಲೆಯಲ್ಲಿ.

ದೀಪದ ಮೇಲೆ ಮಡಕೆ ಕವುಚಿ ಕಾಡಿಗೆ ಹಿಡಿಯುವುದು
ಹಗಲಲ್ಲೇ ಆಗಬೇಕು.
ರಾತ್ರಿ ಹಚ್ಚಿದರೆ ಹಾತೆ ಬಂದು ಬೀಳುತ್ತವೆ:
ಅಮಿತಸೇನ ಭಟ್ಟಾರಕರ ಅಪ್ಪಣೆ.
ಹಾತೆಗೆ ಅಷ್ಟು ಮರುಗುವ ಸ್ವಾಮಿ
ಕಾಣಿಕೆ ಬಾಕಿಯಿಟ್ಟ ಗಾಣಿಗನ ಎತ್ತು ಬಿಚ್ಚಿಸಿ ತಂದದ್ದನ್ನೂ
ಇದೇ ಕಣ್ಣು ಕಂಡಿದೆ.

ಪಲ್ಲಕ್ಕಿಗೆ ಹನ್ನೆರಡು ಬೋಯಿಗಳು, ಮುಂದೆ ಬೆಳ್ಗೊಡೆ,
ಮಡಿಲಲ್ಲಿ ನವಿಲುಗರಿಯ ಪಿಂಛಿ.
ಹಾಗೆಯೇ ಬಿಜಾಪುರದ ದರಬಾರಿಗೆ ಹೋಗಿ ಫರಮಾನು ತಂದರು.
ಬಿದ್ದ ಶಿಖರ ಎದ್ದಿತು.
ಬಾದಾಮಿ ಕಡೆಯ ಕಲ್ಲುಕುಟಿಗರು ಬಂದರು,
ಘಟ್ಟದ ಕೆಳಗಿಂದ ಶ್ರೀತಾಳೆ, ಎತ್ತಿನ ಹೇರಿನ ಮೇಲೆ.
ಗೆದ್ದಲಿಗಿಂತ ಮೊದಲು ನಾವು ಮುಟ್ಟಬೇಕು ಅನ್ನುತ್ತಿದ್ದರು,
ಒಂದೊಂದು ಹಳೆಯ ಗ್ರಂಥಕ್ಕೆ ಹತ್ತು ಪ್ರತಿ.

ಪ್ರತಿಯೊಂದರ ಕೊನೆಯ ಗರಿಗೂ ಅವರ ಬಿರುದು, ಇಪ್ಪತ್ತೇಳು.
ಮಲಗುವಾಗ ನೇಮರಸ ನಗುತ್ತಿದ್ದ:
‘ಜಿನನಿಗೆ ಒಂದು ಸಾಲು,
ಇವರಿಗೆ ಐದು.’

ಆಮೇಲೆ ಒಂದು ವರ್ಷ ಅನ್ನ ಬಿಟ್ಟರು.
ನೀರು ಮಾತ್ರ. ಕಾವಿ ಕಳಚಿ ಚಾಪೆಗಿಳಿದರು.
ಹೆಗಲ ಮೂಳೆ ಪಲ್ಲಕ್ಕಿಯ ಬೊಂಬಿನಂತೆ ಎದ್ದಿತ್ತು.
ನೇಮರಸನನ್ನು ಕರೆಸಿ, ‘ಬಿರುದು ಅಳಿಸು’ ಎಂದರು.

‘ಕೊರೆದದ್ದು ಅಳಿಯದು ಸ್ವಾಮಿ.
ಗರಿ ಹರಿಯಬೇಕು.
ಹರಿದರೆ ಅದರ ಬೆನ್ನಿನ ಶಾಸ್ತ್ರವೂ ಹೋಗುತ್ತದೆ.’

ಸುಮ್ಮನಾದರು. ಹೊಸ್ತಿಲ ಆಚೆ ನಾನಿದ್ದೆ,
ಮಣಿಕಟ್ಟಿನವರೆಗೆ ಕಪ್ಪು.
ನಲವತ್ತು ವರ್ಷ ಅವರ ಮಾತಿಗೆಲ್ಲ ಬಣ್ಣ ಕೊಟ್ಟ ಕೈ
ಅಂದು ಅವರ ಕಣ್ಣಿಗೆ ಬಿತ್ತು.
‘ಮಸಿ ನಿನ್ನದೇನವ್ವ?’
‘ಹೌದ್ರಿ.’
‘ಹಂಗಾದ್ರ ಇದಕ್ಕ ಹಚ್ಚಬ್ಯಾಡ.’

ಹಚ್ಚಿಯಾಗಿದ್ದ ಕಟ್ಟುಗಳು ಆಗಲೇ ಊರೂರಿಗೆ ಹೋಗಿದ್ದವು.
ಅವಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ.
ಉಳಿದದ್ದು ಇದೊಂದು.

ಹದಿನೇಳನೆಯ ದಿನ ಹೋದರು.
ಅದೇ ಪಲ್ಲಕ್ಕಿಯಲ್ಲಿ ಹೊಸಬರು ಬಂದರು,
ಚಿಕ್ಕ ವಯಸ್ಸು, ಕೊಡೆ ಇನ್ನೂ ದೊಡ್ಡದು.
ಗ್ರಂಥದ ಹಲಗೆ ಬಿಚ್ಚಿಸಿ ಕೊನೆಗೆ ತಲುಪಿ
‘ಇಲ್ಲೇಕೆ ಬರಿದು?’ ಎಂದರು.

ಬರಿದಲ್ಲ ಅದು. ಹೆಬ್ಬೆರಳು ಎಳೆದರೆ
ಜೋಳದ ರವದಿಯಂತೆ ತರಿತರಿ ತಾಗುತ್ತದೆ,
ಇಪ್ಪತ್ತೇಳೂ.
ಓದಬಲ್ಲವರಿಗೆ ಕಾಣದ್ದು
ನನಗೆ ಮಾತ್ರ ಗೊತ್ತಾಗುವಂತೆ ಉಳಿಯಿತಲ್ಲ ಎಂದು
ಒಳಗೆ ಒಂಥರಾ ಆಯಿತು.

ಸುಳ್ಳಾಡೆನೆಂದು ವ್ರತ ಹಿಡಿದವಳು ನಾನು.
‘ಕಾಡಿಗಿ ತೀರಿತ್ರಿ’ ಅಂದೆ.

ಮಡಕೆಯಲ್ಲಿ
ಇನ್ನೂ ಮೂರು ಗ್ರಂಥಕ್ಕಾಗುವಷ್ಟಿತ್ತು.