ನೊರೆಹಾಲು

ಗುರುವಾರವೆಂದರೆ ‘ಕುಂಟು ಬೆಕ್ಕಿ’ನಲ್ಲಿ ಸ್ವೀಚ್ಕೊವಾ.
ಹಲಗೆಯ ಮೇಲೆ ಬರೆದಿರುವುದಿಲ್ಲ, ಬೇಕಾಗಿಯೂ ಇಲ್ಲ.
ಝಿಝ್ಕೊವ್‌ನ ಏರಿನಲ್ಲಿ ಟ್ರಾಮ್ ಒಪ್ಪಿಸಿ ಇಳಿದರೆ
ಮೂಗೇ ಓದಿ ಹೇಳುತ್ತದೆ: ಗಜ್ಜರಿ ಗಡ್ಡೆಗಳ ಸಂಗಡ
ಬೆಂದು ಬೆಂದು ಹಟ ಬಿಟ್ಟ ಮಾಂಸ,
ಕೆನೆ ಕೂಡಿ ಕಾವಿಗೆ ತಿರುಗಿದ ಗೊಜ್ಜು,
ಮೇಲೊಂದು ನಿಂಬೆಬಿಲ್ಲೆ, ಕೆಂಪು ಹುಳಿಹಣ್ಣಿನ ಮುರಬ್ಬ.

ಕ್ನೆದ್ಲೀಕನ್ನು ಚಾಕುವಿನಿಂದ ಕೊಯ್ಯಬಾರದು,
ಬ್ಲಾಝೆನಾ ದಾರ ಸುತ್ತಿ ಎಳೆಯುತ್ತಾಳೆ.
‘ಚಾಕು ಇಟ್ಟರೆ ಅದರ ಉಸಿರು ಕಟ್ಟುತ್ತದೆ’
ಎನ್ನುತ್ತಾಳೆ, ನಲವತ್ತು ವರ್ಷದಿಂದ, ಯಾರೂ ಕೇಳದೆಯೇ.

ಇಲ್ಲಿ ಬೇಕೆಂದು ಕೇಳುವ ವಾಡಿಕೆಯಿಲ್ಲ.
ಗ್ಲಾಸು ಬರಿದಾದರೆ ಇನ್ನೊಂದು ಬಂದು ಕೂರುತ್ತದೆ,
ಚೀಟಿಯ ಮೇಲೆ ಚೆಸ್ತ್‌ಮೀರನ ಪೆನ್ಸಿಲ್ ಗೀರು.
ಸಾಕೆಂದರೆ ಬಾಯಲ್ಲಿ ಹೇಳಬೇಡ,
ರಟ್ಟಿನ ಬಿಲ್ಲೆಯನ್ನು ಗ್ಲಾಸಿನ ಬಾಯಿಗೆ ಮುಚ್ಚು.

ಓಲ್ದ್ರಿಖ್: ಲಿಫ್ಟ್ ರಿಪೇರಿಯವನು, ಈಗ ನಿವೃತ್ತ,
ಅವನ ಯಕೃತ್ತಿನ ಮೇಲೆ ಡಾಕ್ಟರಿಗೆ ಕಣ್ಣು.
‘ಬಿಯರ್ ಕುಡಿದೆಯಾ?’ ಅಂತ ಬೊಹುಂಕಾ ಕೇಳಿದರೆ
‘ಹಾಲು ಕುಡಿದೆ’ ಎನ್ನುತ್ತಾನೆ. ಸುಳ್ಳಲ್ಲ.
ನಲ್ಲಿಯನ್ನು ಓರೆ ತಿರುಗಿಸಿ ಗ್ಲಾಸಿನ ತುಂಬ ನೊರೆಯನ್ನೇ ಹಿಡಿದರೆ
ಅದಕ್ಕೆ ನಮ್ಮಲ್ಲಿ ಹಾಲೆಂದೇ ಹೆಸರು.
ತಳದಲ್ಲಿ ಬೆರಳಗಲ ಹೊಂಬಣ್ಣ, ಉಳಿದದ್ದೆಲ್ಲ ಬಿಳುಪು,
ಸಿಹಿ, ತಣ್ಣಗೆ, ಒಂದೇ ಉಸಿರಿಗೆ ಇಳಿಯಬೇಕು.
ತಡಮಾಡಿದೆಯೋ, ನೊರೆ ಕುಸಿದು
ತಾನು ಏನೆಂಬುದನ್ನು ಒಪ್ಪಿಕೊಂಡುಬಿಡುತ್ತದೆ.
ಅದಕ್ಕೇ ಅವನು ತಡಮಾಡುವುದಿಲ್ಲ.
ಹಾಲಿಗೆ ಚೆಸ್ತ್‌ಮೀರ್ ಎಳೆಯುವುದು ಅರ್ಧ ಗೀರು.

ಹೋದ ಗುರುವಾರ ಬಾಗಿಲು ತೆರೆಯಿತು: ಬೊಹುಂಕಾ.
ಹಸಿರು ಕೋಟು, ಔಷಧದಂಗಡಿಯ ಚೀಲ.
ಮೇಜಿನಡಿ ಮಲಗಿದ್ದ ನಾಯಿ ಕೂಡ ತಲೆ ಎತ್ತಿತು.
ಭರಣಿಯಲ್ಲಿ ‘ಮುಳುಗಿ ಸತ್ತವರು’
(ಹುಳಿನೀರಲ್ಲಿ ಈರುಳ್ಳಿ ಹೊದ್ದ ಸಾಸೇಜುಗಳಿಗೆ ಇಲ್ಲಿ ಅದೇ ಹೆಸರು)
ಅವರು ಮಾತ್ರ ನಿಶ್ಚಿಂತೆಯಿಂದಿದ್ದರು.
ನನ್ನ ಪಕ್ಕದ ಕುರ್ಚಿ ಎಳೆದು ಕೂತಳು.
‘ಏನು ತರಲಿ?’
‘ಇವನು ಕುಡಿಯುವ ಹಾಲೇ, ನನಗೂ.’

ಚೆಸ್ತ್‌ಮೀರ್ ಹಿಡಿದ. ಅವನ ಕೈ
ಅಷ್ಟು ಮುತುವರ್ಜಿಯಿಂದ ನಲ್ಲಿ ಮುಟ್ಟಿದ್ದನ್ನು ನಾ ಕಂಡಿರಲಿಲ್ಲ.
ಎತ್ತಿದಳು, ಇಳಿಸಿದಳು. ಮೂಗಿನ ಕೆಳಗೆ ಬಿಳಿ ಮೀಸೆ.
ಒರೆಸಿಕೊಳ್ಳದೆಯೇ ಹೇಳಿದಳು:
‘ಹಸು ಒಳ್ಳೆಯದು. ಕರೆಯುವುದು ಎಷ್ಟು ಹೊತ್ತಿಗೆ?’
‘ಹನ್ನೊಂದಕ್ಕೆ ಶುರು’ ಎಂದ ಚೆಸ್ತ್‌ಮೀರ್, ನೆಲ ನೋಡುತ್ತ.

ಆಮೇಲೆ ಓಲ್ದ್ರಿಖನ ಚೀಟಿ ಎತ್ತಿ
ಅರ್ಧ ಗೀರುಗಳನ್ನು ಎರಡೆರಡಾಗಿ ಕೂಡಿಸಿದಳು,
ಮೂವತ್ತು ವರ್ಷ ಬ್ಯಾಂಕಿನಲ್ಲಿ ನೋಟೆಣಿಸಿದ ಬೆರಳು.
ಮೂರೂವರೆ.
ಏನೂ ಅನ್ನಲಿಲ್ಲ. ರಟ್ಟಿನ ಬಿಲ್ಲೆ ತೆಗೆದು
ಅವನ ಗ್ಲಾಸಿನ ಮೇಲಿಟ್ಟಳು, ಮಗುವಿಗೆ ಟೋಪಿ ಹಾಕುವಂತೆ.

ತನ್ನದರ ಮೇಲೆ ಇಡಲಿಲ್ಲ.

ಇನ್ನೊಂದು ಬಂತು.
ಓಲ್ದ್ರಿಖ್ ತನ್ನ ತಟ್ಟೆಯಿಂದ ಎರಡು ತುಂಡು ಕ್ನೆದ್ಲೀಕು
ಅವಳತ್ತ ದಾಟಿಸಿದ, ಫೋರ್ಕಿನಲ್ಲಲ್ಲ, ಬರಿಗೈಯಲ್ಲಿ.
ಗೊಜ್ಜು ಮೇಜಿನ ಮೇಲೆಲ್ಲ ಸೋರಿ
ಬ್ಲಾಝೆನಾ ಬೈದಳು.