ಹೊತ್ತು ಹುಟ್ಟದ ಕೂಲಿ

ಮೂರೂವರೆಗೆ ಒಲೆಗೆ ಹೊಟ್ಟು ಸುರಿಯುತ್ತಾರೆ ನಮ್ಮ ಭಟ್ಟಿಯಲ್ಲಿ.
ಮರಳು ಕಾಯುವ ತನಕ ಕೈಗೆ ಬಿಡುವು.
ಜಬೀವುಲ್ಲಾ ಆಗ ಕಬ್ಬಿಣದ ಸಲಾಕೆ ಹಿಡಿದು
ಕಂಬ, ತಗಡು, ನಲ್ಲಿಯ ಪೈಪು
ಒಂದೊಂದನ್ನೇ ತಟ್ಟುತ್ತಾ ಒಂದು ಸುತ್ತು ಬರುತ್ತಾನೆ.
ಏನಣ್ಣಾ ಹುಡುಕ್ತೀಯ ಅಂದರೆ
ಐಸು ಕಟ್ಟೈತಾ ನೋಡ್ತೀನಿ ಬಸಕ್ಕ, ಅಂತಾನೆ.
ನಗುವುದಿಲ್ಲ.

ದಾವಣಗೆರೆ. ಮಂಡಕ್ಕಿ ಭಟ್ಟಿ. ಯುಗಾದಿ ಕಳೆದ ಸೆಕೆ.
ಐಸಂತೆ.

ಹಡಗಿನ ಇಂಜಿನ್ ಕೋಣೆಯಲ್ಲಿ ಎಣ್ಣೆ ಬಿಡುವ ಕೆಲಸ ಅವನದು.
ಭೂಮಿಯ ನೆತ್ತಿಯ ಹತ್ತಿರ ಎಲ್ಲೋ
ನಾಲ್ಕೂ ಕಡೆ ನೀರು ಕಲ್ಲಾಗಿ ಹಿಡಕೊಂಡಿತಂತೆ,
ನೂರಾ ಹದಿನೆಂಟು ದಿನ.
ದಿನ ಅನ್ನಬಹುದಾ ಅದಕ್ಕೆ? ಹೊತ್ತೇ ಹುಟ್ಟಲಿಲ್ಲವಂತೆ.
ನಾನು ಕೇಳಿದ್ದು ಒಂದೇ:
ಹೊತ್ತು ಹುಟ್ಟದಿದ್ರೆ ಕೂಲಿ ಹೆಂಗೆ ಲೆಕ್ಕ ಹಾಕ್ತಾರೆ?
ಜರಡಿಯವರೆಲ್ಲ ನಕ್ಕರು. ಅವನೊಬ್ಬ ಯೋಚಿಸಿದ.
"ಗಂಟೆ ಹೊಡೀತಿದ್ರು. ಹೊಡೆದಷ್ಟು ದಿನ."

ಮತ್ತೆ ಅಲ್ಲಿ ಏನು ಮಾಡ್ತಿದ್ರಿ?
ಇಲ್ಲಿ ಮಾಡುವುದನ್ನೇ.
ಎದ್ದು ಕಸ ಗುಡಿಸುವುದು; ಕಸವೆಂದರೆ ಹಿಮ.
ಕಂಬಿಗೆ ಬೆಳೆದ ಐಸನ್ನು ಮರದ ಸುತ್ತಿಗೆಯಲ್ಲಿ ಉದುರಿಸುವುದು,
ಉಂಡು ಬರುವುದರೊಳಗೆ ಮತ್ತೆ ಬೆಳೆದಿರುತ್ತದೆ.
ಈರುಳ್ಳಿ ಎಣಿಸುವುದು. ಎಣಿಸಿದ್ದನ್ನು ಬರೆಯುವುದು.
ನಲವತ್ತೊಂದು ಇದ್ದದ್ದು ನಲವತ್ತಾದ ದಿನ
ಫಿಲಿಪೀನ್ಸಿನ ಅಡುಗೆಯವನು ಎಲ್ಲರ ಕೈ ಮೂಸಿ ನೋಡಿದನಂತೆ.
ಕೇರಂ ಕಾಯಿ ಕಳೆದರೆ ವಾಷರ್ ಇಟ್ಟು ಆಡುವುದು.
ಒಬ್ಬರ ತಲೆ ಒಬ್ಬರು ಬೋಳಿಸುವುದು.
ಮಲಗಿದರೆ, ಕಿವಿಯ ಪಕ್ಕದ ತಗಡಿನಾಚೆ
ಐಸು ಹಲ್ಲು ಕಡಿಯುವುದು ಕೇಳುತ್ತಾ ಇರುವುದು.
"ಕಾದ ಮರಳಿಗೆ ಅಕ್ಕಿ ಬಿದ್ದಂಗೆ, ಬಸಕ್ಕ. ಅದೇ ಚಟಪಟ.
ನಿದ್ದೆಗಣ್ಣಲ್ಲಿ ಅಪ್ಪನ ಭಟ್ಟೀಲೇ ಇದೀನಿ ಅಂತ
ಹೊದಿಕೆ ಒದ್ದುಬಿಡ್ತಿದ್ದೆ."

ಅಷ್ಟರಲ್ಲಿ ರಂಜಾನ್ ಬಂತು.
ಸೂರ್ಯನಿಲ್ಲ, ಚಂದ್ರ ಕಾಣುವ ಮಾತೂ ಇಲ್ಲ.
ಯಾವ ಹೊತ್ತಿಗೆ ರೋಜಾ ಹಿಡಿಯೋದು, ಯಾವಾಗ ಬಿಡೋದು?
ಎಡಗೈಗೆ ಹಡಗಿನ ವಾಚು ಕಟ್ಟಿದ,
ಬಲಗೈಗೆ ದಾವಣಗೆರೆಯದು.
ಆಜಾದ್ ನಗರದಲ್ಲಿ ಸಂಜೆಯ ಬಾಂಗು ಆಗುವ ಹೊತ್ತಿಗೆ ಸರಿಯಾಗಿ
ಅಲ್ಲಿ ಕಗ್ಗತ್ತಲಲ್ಲಿ ಒಂದು ಹಿಡಿ ಮಂಡಕ್ಕಿ ಬಾಯಿಗೆ.
ಅಷ್ಟು ತಿಂಗಳಾದರೂ ಗರಿಗರಿಯಾಗೇ ಇತ್ತಂತೆ.
ಇದೊಂದನ್ನು ಮಾತ್ರ ನಾನು ನಂಬುವುದಿಲ್ಲ.
ನಮ್ಮ ಮಂಡಕ್ಕಿ ನನಗೆ ಗೊತ್ತು,
ನಾಲ್ಕು ದಿನ ಬಿಟ್ಟರೆ ಮೆತ್ತಗಾಗುತ್ತದೆ.

"ನಿಂತೇ ಹೋದ್ವಿ" ಅಂದ ಇನ್ನೊಂದು ದಿನ.
ಗೊತ್ತಲ್ಲ, ಅಂದೆ.
"ಹಂಗಲ್ಲ. ನಿಂತಿದ್ವಿ, ಹೋಗ್ತಾನೂ ಇದ್ವಿ.
ಐಸೇ ನಡೀತಿತ್ತು, ನಮ್ಮನ್ನ ಎತ್ಕೊಂಡು.
ಕ್ಯಾಪ್ಟನ್ ದಿನಾ ನಕ್ಷೆ ಮ್ಯಾಲೆ ಒಂದು ಚುಕ್ಕಿ ಇಡ್ತಿದ್ದ.
ಬಿಡಿಸ್ಕೊಂಡಾಗ ನೋಡಿದ್ರೆ
ಸಿಕ್ಕಿಬಿದ್ದ ಜಾಗದಿಂದ ಇನ್ನೂರು ಮೈಲಿ."

ಹದಿನಾರು ವರ್ಷದಿಂದ ಈ ಜರಡಿ.
ಕೂರುವ ಕಲ್ಲೂ ಅದೇ.
ಮರಳು ಕೆಳಗೆ, ಮಂಡಕ್ಕಿ ಮೇಲೆ.
ಆವತ್ತು ಯಾರೂ ಇಲ್ಲದಾಗ
ಕಲ್ಲಿನ ಪಕ್ಕ, ಗೋಡೆಗೆ
ಇದ್ದಿಲಲ್ಲಿ ಒಂದು ಚುಕ್ಕಿ ಇಟ್ಟೆ.
ಸುಮ್ಮನೆ.

ಸುತ್ತು ಮುಗಿಸಿ ಸಲಾಕೆ ಮೂಲೆಗೆ ಒರಗಿಸಿದ.
"ಎಲ್ಲಾ ಗಟ್ಟಿ ಐತೆ" ಅಂದ, ಯಾರಿಗೋ.
ಮರಳು ಕಾದಿತ್ತು. ಅಕ್ಕಿ ಸುರಿದ.